ನಮಗಿಂತ ಮೊದಲೇ ಹೊರಟ ಸೂಟ್‌ಕೇಸ್

ಸಿಂಗಾಪುರಕ್ಕೆ ಹೋಗುವುದು ಖಚಿತವಾದ ದಿನವೇ ನಾನು ಅರ್ಧ ಸಿಂಗಾಪುರದವನಾಗಿಬಿಟ್ಟೆ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಕೋಚಿಂಗ್ ಸೆಂಟರಿನ ಮೆಟ್ಟಿಲ ಮೇಲೆ ಕೂತು, ಅಲ್ಲಿನ ರಸ್ತೆ ಎಷ್ಟು ಚೊಕ್ಕಟವೆಂದರೆ ಜನ ಎಲೆ ಹಾಕದೆ ರಸ್ತೆಯ ಮೇಲೇ ಊಟ ಬಡಿಸಿಕೊಳ್ಳುತ್ತಾರೆ ಎಂದು ಗೆಳೆಯರಿಗೆ ಹೇಳಿದೆ. ಒಬ್ಬ, ಬಸ್ಸು ಬಂದರೆ ಏನು ಮಾಡುತ್ತಾರೆ ಎಂದು ಕೇಳಿದ. ಸಾರನ್ನ ಮುಗಿಯುವವರೆಗೆ ಬಸ್ಸು ಕಾಯುತ್ತದೆ ಎಂದೆ. ಅವನು ನಂಬಿದ. ಹೋಗದೆ ಉಳಿದರೆ ಆ ಮೆಟ್ಟಿಲ ಹತ್ತಿರ ಮತ್ತೆ ಸುಳಿಯುವಂತಿರಲಿಲ್ಲ.

ಅಸಲಿಗೆ ಈ ಪ್ರಯಾಣ ನನಗಾಗಿ ಅಲ್ಲ, ಅಜ್ಜಿಗಾಗಿ. ಅಜ್ಜಿ ಎಂದರೆ ಅಮ್ಮನ ಅಮ್ಮ. ಅವಳ ಒಬ್ಬನೇ ಮಗ, ನನ್ನ ಮಾವ, ಸಿಂಗಾಪುರದಲ್ಲಿ ಹಡಗು ರಿಪೇರಿ ಮಾಡುವ ಕಡೆ ಕೆಲಸಕ್ಕಿದ್ದಾನೆ. ಹೋದವನು ಊರಿಗೆ ಬಂದೇ ಇಲ್ಲ. ವರ್ಷ ವರ್ಷ ಫೋಟೋ ಮಾತ್ರ ಬರುತ್ತಿತ್ತು, ಪ್ರತಿ ಫೋಟೋದಲ್ಲೂ ತಲೆಗೂದಲು ಸ್ವಲ್ಪ ಹಿಂದೆ ಸರಿದಿರುತ್ತಿತ್ತು. "ಪೂರ್ತಿ ಬೋಳಾಗೋಕ್ ಮುಂಚೆ ಒಂದ್ಸಲ ಅವನ ತಲೆ ಸವರಬೇಕು ಕಣೇ" ಎಂದು ಅಜ್ಜಿ ಅಮ್ಮನಿಗೆ ಹೇಳಿದಳು. ಮಾವ ಟಿಕೆಟ್ ತೆಗೆಸಿಯೇಬಿಟ್ಟ. ವಿಶಾಖಪಟ್ಟಣದಿಂದ ಮದ್ರಾಸಿಗೆ ರೈಲು, ಅಲ್ಲಿಂದ ವಿಮಾನ.

ಅಪ್ಪ ಬ್ಯಾಂಕ್ ಆಫೀಸರ್. ತುಮಕೂರಿನಿಂದ ವರ್ಗವಾಗಿ ಇಲ್ಲಿಗೆ ಬಂದವರು. ತಯಾರಿಯಿಲ್ಲದೆ ಸೀನುವುದೂ ಇಲ್ಲ. ನಡುಮನೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಇಟ್ಟು ವಿಮಾನ ಮಾಡಿದರು. ತಮ್ಮ ಪ್ಯಾಂಟಿನ ಬೆಲ್ಟು ಬಿಚ್ಚಿ ಅಜ್ಜಿಯನ್ನು ಕುರ್ಚಿಗೆ ಕಟ್ಟಿಸಿದರು. ನಾನು ಫ್ಯಾನನ್ನು ಫುಲ್ ಇಟ್ಟು ಬಾಯಲ್ಲಿ ಗುಯ್ ಎಂದು ಸದ್ದು ಮಾಡಿದೆ.

"ಇಷ್ಟು ಬಿಗಿದ್ರೆ ಕುಡಿದ ಮಜ್ಜಿಗೆ ಎಲ್ಲಿಗೆ ಹೋಗತ್ತೋ?" ಎಂದಳು ಅಜ್ಜಿ.

"ಮಾತಾಡ್ಬೇಡ ಅಜ್ಜಿ, ಈಗ ಮೋಡದೊಳಗಿದೀವಿ."

"ಹಾಗಾದ್ರೆ ಕಿಟಕಿ ಹಾಕೋ, ಶೀತ ಆಗತ್ತೆ."

ಎಲ್ಲ ಚೆನ್ನಾಗಿಯೇ ನಡೆದಿತ್ತು, ಅಜ್ಜಿ ಪಂಚಾಂಗ ತೆಗೆಯುವವರೆಗೆ. ಹೊರಡುವ ದಿನ ಮಂಗಳವಾರ, ಅದೂ ನವಮಿ. ಅಜ್ಜಿ ಬೆಲ್ಟು ಬಿಚ್ಚಿ ಕುರ್ಚಿಯಿಂದ ಎದ್ದಳು. ಬರುವುದಿಲ್ಲವಂತೆ. ಕೊನೆಗೆ ಅವಳೇ ಪರಿಹಾರ ಹೇಳಿದಳು: ಪ್ರಸ್ಥಾನ ಇಡುವುದು. ಹೊರಡುವ ದಿನ ಕೆಟ್ಟದಿದ್ದರೆ, ಮುಂಚೆ ಬರುವ ಒಳ್ಳೆಯ ದಿನ ಪ್ರಯಾಣದ ಸಾಮಾನೊಂದನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಅಲ್ಲಿಗೆ ನಾವು ಆ ಒಳ್ಳೆಯ ದಿನವೇ ಹೊರಟಂತೆ ಲೆಕ್ಕ. ಆಮೇಲೆ ನವಮಿ ಏನು ಮಾಡಲಿಕ್ಕೂ ಆಗುವುದಿಲ್ಲ.

ಅಳಿಯನ ಜೊತೆ ಅಜ್ಜಿ ನೇರವಾಗಿ ಮಾತಾಡುವುದಿಲ್ಲ. ಅಪ್ಪ ಎದುರಿಗೇ ನಿಂತಿದ್ದರೂ ಅಮ್ಮನಿಗೆ ಹೇಳಿದಳು: "ಛತ್ರಿ ಗಿತ್ರಿ ಇಟ್ರೆ ಆಗಲ್ಲ ಅಂತ ಹೇಳು ಅವರಿಗೆ. ಯಾವುದಿಲ್ದೆ ಹೋಗಕ್ಕೇ ಆಗಲ್ವೋ ಅದನ್ನ ಇಡಬೇಕು."

ಅಪ್ಪ ನಕ್ಕರು. "ಪಾಸ್‌ಪೋರ್ಟ್ ಇಲ್ದೆ ಹೋಗಕ್ಕಾಗಲ್ಲ. ಅದನ್ನೇ ಇಡೋಣ್ವಾ?"

ತಮಾಷೆಗೆ ಹೇಳಿದ್ದು. ಅಜ್ಜಿಗೆ ತಮಾಷೆ ಕೇಳಿಸುವುದಿಲ್ಲ. ಶುಕ್ರವಾರ ಬೆಳಿಗ್ಗೆ, ಒಳ್ಳೆಯ ಗಳಿಗೆಯಲ್ಲಿ, ನಾಲ್ಕು ಪಾಸ್‌ಪೋರ್ಟು, ವಿಮಾನದ ಟಿಕೆಟ್ಟು, ಮಾವನಿಗೆ ಮಾಡಿದ ಸಂಡಿಗೆ, ಎಲ್ಲವೂ ಕಂದು ಬಣ್ಣದ ಸೂಟ್‌ಕೇಸಿನಲ್ಲಿ ಎದುರು ಮನೆ ಸೇರಿದವು. ಆ ಮನೆಯ ಯಜಮಾನರನ್ನು ನಾನು ಬಾಬಾಯಿಗಾರು ಎನ್ನುತ್ತೇನೆ. ತೆಲುಗಿನಲ್ಲಿ ಚಿಕ್ಕಪ್ಪ ಎಂದು. ಬಳ್ಳಾರಿಯಲ್ಲಿ ಕೆಲಸ ಮಾಡಿದ್ದರಿಂದ ಅವರಿಗೆ ಕನ್ನಡ ಬರುತ್ತದೆ, ನಡುನಡುವೆ ತೆಲುಗು ಸೇರಿಕೊಳ್ಳುತ್ತದೆ ಅಷ್ಟೆ. ಸೂಟ್‌ಕೇಸನ್ನು ದೇವರ ವಿಗ್ರಹ ಬಂದಂತೆ ಬರಮಾಡಿಕೊಂಡು, ತಮ್ಮ ಬಾಗಿಲ ಪಕ್ಕದಲ್ಲೇ ಇರಿಸಿಕೊಂಡರು.

ಭಾನುವಾರ ಸಂಜೆ ಅವರ ಮನೆಗೆ ಬೀಗ ಬಿದ್ದಿತ್ತು. ಅಪ್ಪ ಆ ಬೀಗವನ್ನು ನೋಡಿದ ರೀತಿಗೆ ಅದು ತಾನಾಗಿಯೇ ತೆರೆದುಕೊಳ್ಳಬೇಕಿತ್ತು. ಸೋಮವಾರ ಬೆಳಿಗ್ಗೆ ನಮ್ಮ ಮನೆಯ ಫೋನ್ ಬಡಿದುಕೊಂಡಿತು. ವಿಜಯವಾಡದಿಂದ ಬಾಬಾಯಿಗಾರು. ಇಡೀ ಕಾಲೋನಿಗೆ ಕೇಳುವಂತೆ ಕೂಗುತ್ತಿದ್ದರು.

"ಸಾರ್, ಮಗಳಿಗೆ ಮುಂಚೇನೇ ನೋವು ಬಂದು ಓಡಿ ಬಂದ್ವಿ ಸಾರ್! ಗಂಡುಮಗು! ನಾನು ತಾತ ಆದೆ!"

"ಸಂತೋಷ, ಸಂತೋಷ. ನಮ್ಮ ಸೂಟ್‌ಕೇಸು?"

"ಅದೂ ಕ್ಷೇಮಂ ಸಾರ್! ಗಾಬರೀಲಿ ಬಾಗಿಲ ಹತ್ರ ಇದ್ದಿದ್ದೆಲ್ಲ ತಂದುಬಿಟ್ಟೆ. ಇಲ್ಲೇ ಇದೆ, ಮಗು ಪಕ್ಕದಲ್ಲೇ!"

ಅಪ್ಪ ಫೋನ್ ಇಟ್ಟು ಚಪ್ಪಲಿ ಮೆಟ್ಟಿದರು. ಈಗಲೇ ಬಸ್ಸು ಹಿಡಿದು ಹೋಗಿ, ನಾಳೆ ಬೆಳಗಾಗುವುದರೊಳಗೆ ಸೂಟ್‌ಕೇಸ್ ತರುತ್ತೇನೆಂದರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಹೊರಟ ಪ್ರಸ್ಥಾನ ಹಿಂದಕ್ಕೆ ಬರಬಾರದು ಅಂತ ಹೇಳೇ ಅವರಿಗೆ. ಬಂದ್ರೆ ನಾನು ಹೋಗಲ್ಲ."

"ಅಮ್ಮಾ, ನಿನ್ನ ಮಗನ್ನ ನೋಡೋದು ಬೇಡ್ವಾ?" ಅಮ್ಮ ಸಿಡುಕಿದಳು.

"ಬೇಕು ಅಂತಾನೇ ಹೇಳ್ತಿರೋದು" ಎಂದಳು ಅಜ್ಜಿ. ದನಿ ಸಣ್ಣದಾಗಿತ್ತು. "ಅವನು ಹೋದಾಗ ಪಂಚಾಂಗ ನೋಡ್ದೆ ಕಳಿಸ್ದೆ. ಎಷ್ಟು ವರ್ಷ ಆಯ್ತು ನೋಡು."

ಅಪ್ಪ ಮೆಟ್ಟಿದ ಚಪ್ಪಲಿ ಬಿಟ್ಟರು. ಆಗ ನನ್ನ ಅಪಾರ ಬುದ್ಧಿಶಕ್ತಿ ಕೆಲಸ ಮಾಡಿತು. ಮದ್ರಾಸಿನ ರೈಲು ವಿಜಯವಾಡದ ಮೇಲೆಯೇ ಹೋಗುತ್ತದಲ್ಲ! ಬಾಬಾಯಿಗಾರು ಸ್ಟೇಷನ್ನಿಗೆ ತಂದುಕೊಟ್ಟರೆ ಸೂಟ್‌ಕೇಸ್ ಹಿಂದಕ್ಕೂ ಬರುವುದಿಲ್ಲ, ನಮ್ಮ ಕೈಗೂ ಸಿಗುತ್ತದೆ. ಇದನ್ನು ಅಮ್ಮನೂ ಅದೇ ಕ್ಷಣ ಹೇಳಿದಳು, ಆದರೆ ನನ್ನ ಗಂಟಲು ದೊಡ್ಡದು.

"ಅವರು ಬರದೇ ಹೋದ್ರೆ?" ಎಂದರು ಅಪ್ಪ. "ಮದ್ರಾಸಲ್ಲಿ ವಿಮಾನಕ್ಕೆ ಕೈ ಬೀಸಿ ವಾಪಸ್ ಬರೋದಾ?"

ಆದರೂ ಬಾಬಾಯಿಗಾರಿಗೆ ಫೋನ್ ಮಾಡಿ ರೈಲಿನ ಹೊತ್ತು, ಡಬ್ಬಿಯ ನಂಬರು ಹೇಳಿ, ಮಂಗಳವಾರ ಹೊರಟೆವು. ಅಪ್ಪ ದಾರಿಯುದ್ದಕ್ಕೂ ಒಂದು ಇಡ್ಲಿ ತಿಂದರು. ಅಂದರೆ ಒಂದೇ ಇಡ್ಲಿಯನ್ನು ತುನಿ ದಾಟಿದಾಗ ಶುರುಮಾಡಿ, ಏಲೂರಿನಲ್ಲೂ ಹಿಡಿದುಕೊಂಡಿದ್ದರು. ಅಜ್ಜಿ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದಳು.

ವಿಜಯವಾಡದ ಪ್ಲಾಟ್‌ಫಾರಂ ಬಾಣಲೆಯಂತೆ ಕಾದಿತ್ತು. ಬಾಬಾಯಿಗಾರು ಕಾಣಲಿಲ್ಲ. ಅಪ್ಪ ಇಳಿದು ಇಂಜಿನ್ ಕಡೆ ಓಡಿದರು, ನಾನು ಗಾರ್ಡ್ ಕಡೆ. ಪ್ರತಿ ಕೂಲಿಯ ತಲೆ ಮೇಲೂ ಕಂದು ಸೂಟ್‌ಕೇಸ್. ಇಡೀ ಆಂಧ್ರ ಅಂದು ಒಂದೇ ಅಂಗಡಿಯಲ್ಲಿ ಪೆಟ್ಟಿಗೆ ಕೊಂಡಂತಿತ್ತು. ಸಿಗ್ನಲ್ ಬಿತ್ತು. ಅಪ್ಪ ಬರಿಗೈಯಲ್ಲಿ ಹತ್ತಿದರು, ನಾನೂ ಹತ್ತಿದೆ. ಅಷ್ಟರಲ್ಲಿ ಡಬ್ಬಿಯ ಆ ಕಡೆಯ ಬಾಗಿಲಿನಿಂದ, ಜನರನ್ನು ಸೀಳಿಕೊಂಡು, ಸೂಟ್‌ಕೇಸನ್ನು ಕೈಗೂಸಿನಂತೆ ಎದೆಗವಚಿಕೊಂಡು ಬಾಬಾಯಿಗಾರು ಬಂದರು.

"ಕಂಗಾರು ಪಡಬೇಡಿ, ಗಾಬರಿ ಬೇಡ ಅಮ್ಮಾ, ತಂದಿದೀನಿ! ಮೊದಲು ತೆಗೆದು ನೋಡ್ಕೊಳ್ಳಿ!"

ಅಮ್ಮ ಬೀಗ ತೆಗೆದಳು. ಎಲ್ಲವೂ ಇತ್ತು, ಸಂಡಿಗೆ ಮಾತ್ರ ಸ್ವಲ್ಪ ಪುಡಿ. ಅಪ್ಪ ಅವರನ್ನು ತಬ್ಬಿಕೊಂಡರು. ತಬ್ಬಿಕೊಂಡಿದ್ದು ಬಹಳ ಹೊತ್ತಾಯಿತೇನೋ, ಬಿಡುವಷ್ಟರಲ್ಲಿ ಕಿಟಕಿಯಾಚೆ ಕೃಷ್ಣಾ ನದಿ ಹರಿಯುತ್ತಿತ್ತು.

"ಅರೆರೆ, ಟ್ರೈನು!" ಎಂದರು ಬಾಬಾಯಿಗಾರು. ಆಮೇಲೆ ಮಾಡುವುದಕ್ಕೆ ಏನೂ ಇಲ್ಲವೆಂದು ಅಜ್ಜಿಯ ಪಕ್ಕ ಆರಾಮಾಗಿ ಕೂತರು. "ಪರವಾಗಿಲ್ಲ, ತೆನಾಲೀಲಿ ಇಳೀತೀನಿ. ಮನೆ ತುಂಬ ಹೆಂಗಸರು, ಹೇಗೂ ನನ್ನ ಯಾರೂ ಕೇಳಲ್ಲ."

ಮೊಮ್ಮಗ ಯಾರ ಹಾಗಿದ್ದಾನೆ ಎಂದು ಅಜ್ಜಿ ವಿಚಾರಿಸಿದಳು. ತಮ್ಮ ಹಾಗೇ, ತಲೆಯಲ್ಲಿ ಒಂದು ಕೂದಲೂ ಇಲ್ಲ ಎಂದರು ಬಾಬಾಯಿಗಾರು. ಅಜ್ಜಿ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ತೆನಾಲಿಯಲ್ಲಿ ಇಳಿದು ಕೈ ಬೀಸಿದ ಮೇಲೆ, ಅಪ್ಪ ಪಾಸ್‌ಪೋರ್ಟುಗಳನ್ನು ಜೇಬಿಗೆ ಹಾಕಿಕೊಳ್ಳಲು ಹೋದರು. ಅಜ್ಜಿ ಕೈ ಚಾಚಿದಳು. ಮೊದಲ ಸಲ ನೇರವಾಗಿ ಅಳಿಯನಿಗೇ ಹೇಳಿದಳು:

"ನಂದು ನಂಗೇ ಕೊಡಿ."

ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ರೈಲು ಜೋರಾಯಿತು. ಅಜ್ಜಿ ಕಿಟಕಿಗೆ ಮುಖವಿಟ್ಟು ಕೇಳಿದಳು, "ಮುಂದಿನ ಸ್ಟೇಷನ್ ಸಿಂಗಾಪುರಾನೇನೋ?"

"ಇಲ್ಲ ಅಜ್ಜಿ, ಬಾಪಟ್ಲ."