ಪಾಳಿ ಬದಲಿಸಲು ಯಾರೂ ಬಾರದ ಸಂಜೆ

ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ವಿದ್ಯುತ್ ಸ್ಥಾವರದಲ್ಲಿ ಎಲ್ಲರ ಬಾಯಲ್ಲೂ ಬಾಯ್ಲರಣ್ಣ. ಮೂವತ್ತೊಂದು ವರ್ಷ ಕಲ್ಲಿದ್ದಲು ಬಾಯ್ಲರಿನ ಮುಂದೆ ನಿಂತು, ಕಿಂಡಿಗೆ ನೀಲಿ ಗಾಜು ಹಿಡಿದು, ಜ್ವಾಲೆಯ ಬಣ್ಣ ನೋಡಿಯೇ ಗಾಳಿ ಹೆಚ್ಚು ಬೇಕೋ ಇಷ್ಟೇ ಸಾಕೋ ಹೇಳಿದ ಮನುಷ್ಯ. ಮೀಟರು ಒಂದು ಹೇಳಿ ಇವರೊಂದು ಹೇಳಿದರೆ ಇಂಜಿನಿಯರುಗಳು ಮೊದಲು ಮೀಟರನ್ನೇ ಬಿಚ್ಚಿ ನೋಡುತ್ತಿದ್ದರು ಅಂದರೆ ನೀವೇ ಅಂದಾಜು ಮಾಡಿ. ಜಂಬ ಇತ್ತೇ? ಇತ್ತಪ್ಪ, ಸುಳ್ಳು ಯಾಕೆ ಹೇಳಬೇಕು. ಊರಿನ ದೀಪವೆಲ್ಲ ತಾನೇ ಹಚ್ಚಿದ್ದು ಅನ್ನುವ ಹಾಗೆ ಬೀದಿಯಲ್ಲಿ ನಡೆಯುತ್ತಿದ್ದರು.

ಆ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ಮುಂದಿನ ಪಾಳಿಯವನು ಬಂದು, ಅದೇ ಕಿಂಡಿಯಲ್ಲಿ ಜ್ವಾಲೆ ನೋಡಿ, ಬಾಯಿಬಿಟ್ಟು ‘ತಗೊಂಡೆ’ ಅನ್ನಬೇಕು. ಅಲ್ಲಿಯವರೆಗೆ ಇದ್ದವನು ಕದಲುವ ಹಾಗಿಲ್ಲ. ಮಗಳು ಹುಟ್ಟಿದ ದಿನ ಬದಲಿಯವನು ಮೂರು ಗಂಟೆ ತಡ ಮಾಡಿದಾಗಲೂ ಬಾಯ್ಲರಣ್ಣ ಹಲ್ಲು ಕಚ್ಚಿಕೊಂಡು ನಿಂತೇ ಇದ್ದರು. ಮನೆಯಲ್ಲೂ ಪಾಳಿಯದ್ದೇ ದರ್ಬಾರು. ರಾತ್ರಿ ದುಡಿದವರು ಹಗಲು ಮಲಗಬೇಕಲ್ಲ. ಹೆಂಡತಿ ಪಾತ್ರೆಗಳನ್ನು ಮಡಚಿದ ಬಟ್ಟೆಯ ಮೇಲಿಟ್ಟು ಸದ್ದಾಗದಂತೆ ತೊಳೆದಳು. ಇಬ್ಬರು ಮಕ್ಕಳು ಜಗಳವನ್ನೂ ಪಿಸುಮಾತಿನಲ್ಲೇ ಆಡಿ ದೊಡ್ಡವರಾಗಿ ತಮ್ಮ ತಮ್ಮ ಮನೆ ಮಾಡಿಕೊಂಡರು.

ಈ ವರ್ಷ ಬಾಯ್ಲರು ಆರಿತು. ಹಡಗಿನಲ್ಲಿ ಬರುತ್ತಿದ್ದ ಕಲ್ಲಿದ್ದಲು ನಿಂತಿತು. ಬೂದಿ ಸುರಿಯುತ್ತಿದ್ದ ಬಯಲನ್ನು ಮಟ್ಟ ಮಾಡಿ ಸೋಲಾರ್ ಫಲಕಗಳನ್ನು ಸಾಲಾಗಿ ನಿಲ್ಲಿಸಿದರು. ಬಾಯ್ಲರಣ್ಣನ ಕೈಗೊಂದು ಪತ್ರ ಬಂತು: ಇಲ್ಲೇ ಫಲಕ ನೋಡಿಕೊಂಡು ಇರಬಹುದು, ಇಲ್ಲವೇ ಎರಡು ದಿನದ ದಾರಿ ದೂರದ, ಇನ್ನೂ ಕಲ್ಲಿದ್ದಲನ್ನೇ ಸುಡುವ ಸ್ಥಾವರಕ್ಕೆ ಹೋಗಬಹುದು. ಅಲ್ಲಿ ಸಂಸಾರಕ್ಕೆ ಮನೆ ಕೊಡುವುದಿಲ್ಲ. ನಿವೃತ್ತಿಯ ತನಕ, ಅಂದರೆ ಇನ್ನಾರು ವರ್ಷ, ಒಬ್ಬರೇ ಇರಬೇಕು. ಶನಿವಾರದೊಳಗೆ ಉತ್ತರ. ಬೆಂಕಿಯಿಲ್ಲದ ಕಡೆ ತನಗೇನು ಕೆಲಸ ಎಂದು ಅವರು ಹೋಗುವುದಕ್ಕೇ ಮನಸ್ಸು ಮಾಡಿದ್ದರು. ಹೆಂಡತಿಗೆ ಹೇಳಲು ಧೈರ್ಯ ಬರದೆ ಪತ್ರ ಜೇಬಿನಲ್ಲೇ ಓಡಾಡಿಕೊಂಡಿತ್ತು.

ಶುಕ್ರವಾರ ಫಲಕದ ಬಯಲಿನ ಇಂಜಿನಿಯರಮ್ಮ, ಮಗಳ ವಯಸ್ಸಿನವಳು, ಒಂದು ದಿನ ನೋಡಿ ಹೋಗಿ ಎಂದು ಕರೆದಳು. ಫಲಕದ ಧೂಳು ಒರೆಸುತ್ತ ಆ ಹುಡುಗಿ ಮಾತಿನಲ್ಲೇ ಲೋಕವನ್ನೆಲ್ಲ ಸುತ್ತಿಸಿದಳು. ಕೆಲವು ದೇಶದಲ್ಲಿ ಸಮುದ್ರದ ನಡುವೆಯೇ ಗಾಳಿಯಂತ್ರ ನೆಟ್ಟಿದ್ದಾರಂತೆ. ಕಲ್ಲಿದ್ದಲು ಮಾಗಲು ಕೋಟಿಗಟ್ಟಲೆ ವರ್ಷ ಬೇಕಂತೆ, ಸುಟ್ಟರೆ ಮತ್ತೆ ಹುಟ್ಟುವುದಿಲ್ಲವಂತೆ. ಒಂದು ಪಾಳಿಗೆ ಸಾವಿರ ಟನ್ ಸುಟ್ಟವರಿಗೆ ಅದನ್ನು ಕೇಳಿ ಸ್ವಲ್ಪ ಮುಜುಗರವಾಯಿತು. ಇನ್ನೊಂದು ಕಡೆ ನೆಲದೊಳಗಿನ ಹಬೆಯಿಂದಲೇ ಕರೆಂಟು ತೆಗೆಯುತ್ತಾರೆ ಅಂದಾಗ ಮಾತ್ರ ಬಾಯ್ಲರಣ್ಣನ ಕಿವಿ ನೆಟ್ಟಗಾಯಿತು. ಅಲ್ಲಿ ಬಾಯ್ಲರು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಭೂಮಿತಾಯಿಯೇ ಅಂದಳು ಆಕೆ. ಇಷ್ಟೆಲ್ಲ ಫಲಕ ಬಿಸಿಲು ಕುಡಿಯುತ್ತಿದ್ದರೂ ಒಂದು ಸದ್ದಿಲ್ಲವಲ್ಲ ಎಂಬ ಅನುಮಾನಕ್ಕೆ ಅವರು ಒಂದಕ್ಕೆ ಕಿವಿಯಿಟ್ಟೂ ನೋಡಿದರು. ಹುಡುಗಿ ನಗು ತಡೆಯಲಾರದೆ ಅತ್ತ ತಿರುಗಿದಳು.

ಐದೂವರೆಗೆ ಆಕೆ ನಾಳೆ ಉತ್ತರ ಕೊಡಿ ಎಂದು ಹೇಳಿ ಹೊರಟುಹೋದಳು. ಬಾಯ್ಲರಣ್ಣ ಬಯಲಿನ ಅಂಚಿನ ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತರು. ದಿನದ ಲೆಕ್ಕದ ಪುಸ್ತಕದಲ್ಲಿ ಅಂಕಿ ಬರೆದಾಗಿತ್ತು. ಆರಾಯಿತು. ಬಿಸಿಲು ಹೋಯಿತು, ಕರೆಂಟು ತೋರಿಸುವ ಪರದೆಯ ಮೇಲಿನ ಅಂಕಿ ಇಳಿದಿಳಿದು ಸೊನ್ನೆಯಾಯಿತು. ದೂರದ ಅಣೆಕಟ್ಟಿನ ಕರೆಂಟಿನಲ್ಲಿ ಬೀದಿದೀಪ ಹತ್ತಿಕೊಂಡವು. ತಮ್ಮ ಕೈಯಿಲ್ಲದೆಯೂ ಹತ್ತುತ್ತವಲ್ಲ ಎಂದು ಒಂದೊಂದನ್ನೇ ಎಣಿಸಿದರು. ಆದರೂ ಜಾಗ ಬಿಡಲಿಲ್ಲ.

ಏಳರ ಹೊತ್ತಿಗೆ ಹೆಂಡತಿ ಹುಡುಕಿಕೊಂಡು ಬಂದಳು.

“ಯಾಕ್ರೀ, ಇನ್ನೂ ಕೆಲಸ ಮುಗೀಲಿಲ್ವಾ?”

“ಬದಲಿಯವನು ಬಂದಿಲ್ಲ ಕಣೇ.”

ಆಕೆ ಕತ್ತಲಾದ ಬಯಲನ್ನು ನೋಡಿದಳು, ಗಂಡನನ್ನು ನೋಡಿದಳು.

“ಯಾರು ಬರ್ತಾರ್ರೀ? ಸೂರ್ಯನೇ ಮನೆಗೆ ಹೋದನಲ್ಲ.”

ಕ್ಷಣ ಬಿಟ್ಟು ಬಾಯ್ಲರಣ್ಣನಿಗೆ ಹೊಳೆಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಸಿದರು. ಅಷ್ಟು ನಕ್ಕ ಮೇಲೆ ಮುಚ್ಚಿಡಲು ಆಗುತ್ತದೆಯೇ? ಪತ್ರ ತೆಗೆದು ಹೆಂಡತಿಯ ಕೈಗಿಟ್ಟರು, ಹೋಗಬೇಕು ಅಂದುಕೊಂಡಿದ್ದೇನೆ ಎಂದೂ ಹೇಳಿಬಿಟ್ಟರು.

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಪತ್ರವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು.

“ಮೂವತ್ತೊಂದು ವರ್ಷ ನೀವು ಮಲಗಿದ್ದೀರಿ ಅಂತ ಎಲ್ಲರ ಬಾಯಿ ಮುಚ್ಚಿಸಿದೆ. ನನ್ನ ಬಾಯೂ ಮುಚ್ಕೊಂಡೆ. ನಿಮ್ಮ ಹತ್ರ ಮಾತಾಡೋದು ಎಷ್ಟೋ ಇದೆ ಕಣ್ರೀ.”

ಬಾಯ್ಲರಣ್ಣ ಹೆಂಡತಿಯ ಕಡೆ ತಿರುಗಿ ಕೂತರು. ಏನು ಮಾತು ಎಂದು ಮೆಲ್ಲಗೆ ಕೇಳಿದರು. ಒಂದಾ ಎರಡಾ ಎಂದು ಆಕೆ ಅಲ್ಲೇ ಶುರು ಮಾಡಿದಳು: ಮದುವೆಯಾದ ಹೊಸದರಲ್ಲಿ ಸೋರುತ್ತಿದ್ದ ಬಾಡಿಗೆ ಮನೆ, ಇಬ್ಬರಿಗೂ ಸಕ್ಕರೆ ಹಾಕದ ಚಹಾ ಕೊಟ್ಟು ಕಳಿಸುತ್ತಿದ್ದ ಆ ಮನೆಯ ಯಜಮಾನಿ, ಯಾರಿಗೂ ಹೇಳದೆ ತಾನು ಹೊಲಿಗೆ ಕಲಿಯಲು ಹೋದದ್ದು. ಹೊಲಿಗೆಯ ವಿಷಯ ಬಾಯ್ಲರಣ್ಣನಿಗೆ ಗೊತ್ತೇ ಇರಲಿಲ್ಲ. ಎದ್ದು ಮನೆಯ ಕಡೆ ನಿಂತು ನಿಂತು, ಕೇಳಿ ಕೇಳಿ ನಡೆದರು. ಮನೆ ಬಂತು, ಊಟವಾಯಿತು. ಕತೆ ಇನ್ನೂ ಎರಡನೆಯ ವರ್ಷದಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಇಂಜಿನಿಯರಮ್ಮನ ಮೇಜಿನ ಮೇಲೆ ಪತ್ರವಿಟ್ಟು, ಇಲ್ಲೇ ಇರುತ್ತೇನೆ ಎಂಬುದಕ್ಕೆ ಗುರುತು ಹಾಕಿ ಸಹಿ ಮಾಡಿದರು. ಕೆಳಗೆ ಕಾರಣ ಬರೆಯಲು ಜಾಗವಿದೆ, ಖಾಲಿ ಬಿಡುವ ಹಾಗಿಲ್ಲ ಎಂದು ಆಕೆ ತೋರಿಸಿದಳು. ಬಾಯ್ಲರಣ್ಣ ಪೆನ್ನು ಹಿಡಿದು ಯೋಚಿಸಿದರು. ಆಮೇಲೆ ದಪ್ಪ ಅಕ್ಷರದಲ್ಲಿ ಬರೆದರು: ‘ಮನೆಯಲ್ಲಿ ಮಾತು ಬಾಕಿ ಇದೆ.’