ಹುಡುಕಾವ ಏನಂತ ಬರೀತಾನ?

ಅಕ್ಕೋರ ಬಲಗೈಯ ಹೆಬ್ಬೆರಳೂ ತೋರುಬೆರಳೂ ವರ್ಷದ ಹನ್ನೆರಡು ತಿಂಗಳೂ ಸೀಳಿರುತ್ತಿದ್ದವು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಬೆರಳುಗಳು. ಬೆಳಗಾವಿಯ ಕ್ಯಾಂಪಿನಲ್ಲಿದ್ದ ನನ್ನ ಇಂಟರ್ನೆಟ್ ಅಂಗಡಿಗೆ ಬಂದರೆ, ಕೀಬೋರ್ಡ್ ಮುಟ್ಟುವ ಮೊದಲು ಅವೆರಡನ್ನೂ ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. "ನಿನ್ನ ಮಷೀನಿಗೆ ಸುಣ್ಣ ಹತ್ತೀತೋ" ಅನ್ನುತ್ತಿದ್ದರು. ಸುಣ್ಣ ಎಲ್ಲಿತ್ತು? ಅವರು ರಿಟೈರಾಗಿ ಆಗಲೇ ಎರಡು ವರ್ಷವಾಗಿತ್ತು.

ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಖಾನಾಪುರದಲ್ಲಿ ನನಗೆ ಅಕ್ಷರ ಕಲಿಸಿದವರು ಇವರು. ಹಣೆಯ ಮೇಲೆ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಕೈಯಲ್ಲಿ ಒಂದು ಛತ್ರಿ. ಛತ್ರಿ ಮಳೆಗಲ್ಲ, ಬೀದಿನಾಯಿಗಳಿಗೆ. ಎಂಥ ತಪ್ಪು ಮಾಡಿದರೂ ಬೈಯುತ್ತಿರಲಿಲ್ಲ, ಸುಮ್ಮನೆ ಮಾತು ಬಿಡುತ್ತಿದ್ದರು. ಬೈದರೆ ಎಷ್ಟೋ ವಾಸಿ ಅಂತ ನಾವು ಹುಡುಗರು ಅಂದುಕೊಳ್ಳುತ್ತಿದ್ದೆವು. ಯಾಕೆ ಬೈಯುವುದಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ, ಅವರು ಗುರುವಾರದ ಬಸ್ಸು ಹಿಡಿದು ಮೊದಲ ಸಲ ನನ್ನ ಅಂಗಡಿಗೆ ಬಂದ ದಿನ.

ಅದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಮೂರು ಕಂಪ್ಯೂಟರ್ ಇಟ್ಟುಕೊಂಡು, ಬಾಗಿಲಿಗೆ "ನಿಮ್ಮ ವೆಬ್‌ಸೈಟ್ ಮೊದಲ ನಂಬರಿಗೆ, ಗ್ಯಾರಂಟಿ" ಅಂತ ಬೋರ್ಡು ಹಾಕಿದ್ದೆ. ಆಹಾ, ಏನು ಧಿಮಾಕು! ಅಕ್ಕೋರು ಆ ಬೋರ್ಡನ್ನು ನಿಂತು ಪೂರ್ತಿ ಓದಿ ಒಳಗೆ ಬಂದರು.

"ಬರ್ರಿ ಅಕ್ಕೋರ, ಕುಂದರ್ರಿ."

"ಗ್ಯಾರಂಟಿ ಖರೇನೇನೋ?"

"ಖರೇರಿ."

ಆಗ ಹೇಳಿದರು. ತಂದೆತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವರು ಅವರೇ. ಅವನು ಎರಡನೆಯ ಸಲ ಮ್ಯಾಟ್ರಿಕ್ ಫೇಲಾದ ದಿನ ಸಿಟ್ಟಿನ ಭರದಲ್ಲಿ "ನಿನ್ನ ಮಾರಿ ತೋರಿಸಬ್ಯಾಡ ನನಗ" ಅಂದುಬಿಟ್ಟಿದ್ದರು. ಮರುದಿನ ಅವನು ಲೋಂಡಾ ಜಂಕ್ಷನ್ನಿಗೆ ಹೋಗಿ ಯಾವುದೋ ರೈಲು ಹತ್ತಿದ. ಗೋವಾ ಕಡೆ ಹೋದನೋ, ಹುಬ್ಬಳ್ಳಿ ಕಡೆ ಹೋದನೋ, ಕಂಡವರಿಲ್ಲ. ಇಪ್ಪತ್ತಾರು ವರ್ಷ ಒಂದು ಕಾಗದವಿಲ್ಲ.

"ಆ ಮಾತ ನಾ ವಾಪಸ್ ತಗೋಬೇಕಾಗೇತಿ. ಸಾಯೂದರಾಗ ಅಷ್ಟ ಆದ್ರ ಸಾಕು" ಅಂದರು.

ಅವನ ಹೆಸರಿನಲ್ಲಿ ವೆಬ್ ಪುಟ ಮಾಡಿ ಒಂದು ತಿಂಗಳಲ್ಲಿ ಜಗತ್ತಿಗೆಲ್ಲ ಕಾಣುವಂತೆ ಮಾಡುತ್ತೇನೆ ಅಂತ ಮಾತು ಕೊಟ್ಟೆ. ಒಂದು ಪದವನ್ನು ಎಷ್ಟು ಹೆಚ್ಚು ಸಲ ಬರೆದರೆ ಸರ್ಚ್ ಇಂಜಿನ್ನಿನಲ್ಲಿ ಅಷ್ಟು ಮೇಲೆ ಬರುತ್ತದೆ ಅನ್ನುವುದು ನಮ್ಮಂಥವರು ಆಗ ನಂಬಿದ್ದ ಶಾಸ್ತ್ರ. ಹಾಗಾಗಿ ತಮ್ಮನ ಹೆಸರನ್ನು ಇನ್ನೂರು ಸಲ ಬರೆದೆ. ಓದುವವರಿಗೆ ಕಾಣಬಾರದು, ಇಂಜಿನ್ನಿಗೆ ಮಾತ್ರ ಕಾಣಬೇಕು ಅಂತ ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಬರೆದೆ. ಪುಟದ ವಿಳಾಸವನ್ನು ಕಂಡಕಂಡ ಕಡೆಯೆಲ್ಲ ನೋಂದಾಯಿಸಿದೆ. ಅಕ್ಕೋರು ಮುತ್ತಿನಂಥ ಕೈಬರಹದಲ್ಲಿ ಬರೆದುಕೊಟ್ಟ ಪತ್ರವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದೆ. ಕೊನೆಗೆ ತಮ್ಮನ ಹಳೆಯ ಫೋಟೋ, ಅದರ ಕೆಳಗೆ ಅವರು ಹೇಳಿದ ಒಂದು ಸಾಲು: "ತಮ್ಮಾ, ಮನಿಗೆ ಬಾ." ಚಿತ್ರದೊಳಗಿನ ಅಕ್ಷರವನ್ನು ಸರ್ಚ್ ಇಂಜಿನ್ ಓದಲಾರದು, ಬಿಳಿಯ ಮೇಲೆ ಬಿಳಿ ಬರೆದವನನ್ನು ಅದು ಕಳ್ಳನೆಂದು ದೂರ ಇಡುತ್ತದೆ ಅನ್ನುವುದು ಈ ಗ್ಯಾರಂಟಿ ಪಂಡಿತನಿಗೆ ಗೊತ್ತಿರಲಿಲ್ಲ.

ಪುಟದ ತಳಕ್ಕೆ ಒಂದು ಕೌಂಟರ್ ಹಾಕಿದ್ದೆ. ಪುಟ ಒಮ್ಮೆ ತೆರೆದರೆ ಅದರ ಅಂಕಿ ಒಂದು ಹೆಚ್ಚಾಗುತ್ತದೆ. ಮುಂದಿನ ಗುರುವಾರ ಅಕ್ಕೋರು ಬಂದಾಗ ಅದು ಹನ್ನೊಂದು ತೋರಿಸುತ್ತಿತ್ತು. ಹನ್ನೊಂದು ಸಲವೂ ತೆರೆದವನು ನಾನೇ.

"ಹನ್ನೊಂದ ಮಂದಿ! ಇದರಾಗ ಅವ ಒಬ್ಬ ಇರಬಹುದಲ್ಲೋ?"

ಆ ಮುಖ ನೋಡಿ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಇರಬಹುದ್ರಿ" ಅಂದೆ. ಅದರ ಮುಂದಿನ ವಾರ ತೆರೆದು ತೋರಿಸಿದಾಗ ಅಂಕಿ ಹನ್ನೆರಡಕ್ಕೇ ನಿಂತಿತ್ತು, ಅವರು ಚಹಾ ಕೂಡ ಕುಡಿಯದೆ ಎದ್ದು ಹೋದರು. ಆಮೇಲಿಂದ ಪ್ರತಿ ಬುಧವಾರ ಕೂತು ನಾನೇ ಪುಟವನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಅಂಕಿ ಏರಿಸತೊಡಗಿದೆ. ನಲವತ್ತಾಯಿತು, ತೊಂಬತ್ತಾಯಿತು, ಇನ್ನೂರು ದಾಟಿತು. ಪುಣ್ಯದ ಕೆಲಸ ಅಂತಲೇ ತಿಳಿದಿದ್ದೆ.

ಆ ದಿನಗಳಲ್ಲಿ ಅವರ ಕಣ್ಣು ಮಂಜಾಗುತ್ತಿತ್ತು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಬಲಿತಿದೆ, ತಡ ಮಾಡದೆ ಆಪರೇಷನ್ ಮಾಡಿಸಿರಿ ಅಂತ ಬೆಳಗಾವಿಯ ಡಾಕ್ಟರು ಹೇಳಿದ್ದರು. ಅಕ್ಕೋರು ಒಪ್ಪಲಿಲ್ಲ.

"ಇಷ್ಟ ಮಂದಿ ನೋಡಾಕತ್ತಾರ. ನಾ ದವಾಖಾನಿಯೊಳಗ ಮಲಗಿದಾಗ ಅವ ಬಂದು, ಕೀಲಿ ಹಾಕಿದ ಬಾಗಲಾ ನೋಡಿ ಹೊಳ್ಳಿ ಹೋದ್ರ? ಅವ ಬರ್ಲಿ, ಆಮ್ಯಾಲೆ ಮಾಡಸೂಣು."

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಏಳು ತಿಂಗಳು ಹಾಗೇ ಕಳೆದವು.

ಒಂದು ಗುರುವಾರ ಚಹಾ ಹೇಳಿ ಒಳಗೆ ಬಂದರೆ ಅಕ್ಕೋರು ಪರದೆಗೆ ಮೂಗು ಹಚ್ಚಿ ಕೂತಿದ್ದಾರೆ. ಪುಟವನ್ನು ಮೂರು ಸಲ ತೆರೆದಿದ್ದಾರೆ, ಅಂಕಿ ಮೂರು ಏರಿದೆ.

"ಒಬ್ಬಾಕಿ ಮೂರ ಸಲ ನೋಡಿದ್ರ ಮೂರ ಮಂದಿ ಆಗತಾರೇನೋ?"

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಇನ್ನು ಇವರು ಜನ್ಮದಲ್ಲಿ ನನ್ನೊಡನೆ ಮಾತಾಡುವುದಿಲ್ಲ ಅಂತ ಹೆದರಿದ್ದೆ. ಅವರು ಪರದೆಯಿಂದ ಮುಖ ತಿರುಗಿಸಿ ಹೇಳಿದರು: "ಮೂವತ್ತ ವರ್ಷ ಹಾಜರಿ ತಗೊಂಡಾಕಿ ನಾ. ಸಾಲಿಗೆ ಬಾರದ ಹುಡುಗನ ಹೆಸರಿಗೆ ಒಂದ ದಿನಾನೂ ಹಾಜರ್ ಅಂತ ಬರದಿಲ್ಲ. ಇನ್ನ ಮ್ಯಾಲೆ ಇದ್ದದ್ದ ಹೇಳು. ಎಂಥಾದ್ದ ಇರಲಿ."

ಮರುದಿನವೇ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ಗದರಿದರು. ಬಲಿತ ಪೊರೆಯಿಂದ ಕಣ್ಣಿನೊಳಗೆ ಒತ್ತಡ ಏರಿ ನರ ಕೆಟ್ಟಿತ್ತು, ಬಲಗಣ್ಣಿನ ದೃಷ್ಟಿ ಪೂರ್ತಿ ಹೋಯಿತು. ಎಡಗಣ್ಣಿನಲ್ಲಿ ಮನುಷ್ಯರ ಗುರುತು ಹತ್ತುವಷ್ಟು ಮಾತ್ರ ಉಳಿಯಿತು, ಅಕ್ಷರ ಕಾಣುತ್ತಿರಲಿಲ್ಲ. ಅಕ್ಷರ ಕಲಿಸಿದವರಿಗೆ ನಾನು ಕೊಟ್ಟ ಉಡುಗೊರೆ ಅದು. ಅಕ್ಕೋರು ಮಾತ್ರ ಆ ವಿಷಯ ಎತ್ತಲಿಲ್ಲ.

ಎತ್ತಿದ್ದು ಬೇರೆ ವಿಷಯ. ಆಪರೇಷನ್ನಾಗಿ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದಾಗಲೇ ಕೇಳಿದರು: "ಅಲ್ಲೋ, ಹುಡುಕಾವ ಏನಂತ ಬರೀತಾನ?"

"ಏನರ ಬರೀತಾರ್ರಿ. ನಾವ ಅವರ ಹೆಸರ ಹಾಕೇವಲ್ಲ."

"ಏ ಹುಚ್ಚಪ್ಯಾಲಿ! ಮನಿ ಬಿಟ್ಟ ಹೋದಾವ ತನ್ನ ಹೆಸರ ತಾನ ಹುಡುಕತಾನೇನು? ಅವಂಗ ಊರ ನೆನಪ ಆಗತೈತಿ. ಸಾಲಿ ನೆನಪ ಆಗತೈತಿ. ಅದನ್ನ ಬರಿ."

ಎರಡು ವರ್ಷದಿಂದ ಈ ದಂಧೆ ಮಾಡುತ್ತಿದ್ದ ನನಗೆ ಹೊಳೆಯದೇ ಇದ್ದದ್ದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮುದುಕಿಗೆ ಹೊಳೆದಿತ್ತು. ಬಿಳಿ ಅಕ್ಷರಗಳನ್ನೆಲ್ಲ ಕಿತ್ತು ಹಾಕಿದೆ. ಈಗ ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಆಗಿನ್ನೂ ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲಿ ಮೂಡುತ್ತಿರಲಿಲ್ಲವಾದ್ದರಿಂದ ಸರಳ ಇಂಗ್ಲಿಷಿನಲ್ಲಿ ಬರೆದೆ. ರೈಲು ಹಳಿಯ ತುಂಡನ್ನು ತೂಗುಹಾಕಿದ ಸಾಲೆಯ ಗಂಟೆಯ ಬಗ್ಗೆ ಒಂದು ಪುಟ. ಮಲಪ್ರಭೆಯಲ್ಲಿ ಹುಡುಗರು ಈಜು ಕಲಿಯುವ ಜಾಗದ ಬಗ್ಗೆ ಒಂದು, ಕುಂಬಾರರ ಭಟ್ಟಿಯ ಬಗ್ಗೆ ಇನ್ನೊಂದು. ಖಾನಾಪುರದಲ್ಲಿ ಯಾವ ರೈಲು ಎಷ್ಟಕ್ಕೆ ನಿಲ್ಲುತ್ತದೆ ಅನ್ನುವುದಕ್ಕೂ ಒಂದು ಪುಟ ಮಾಡಿಸಿದರು. ಒಮ್ಮೆ ಮಾಡಿಟ್ಟರೆ ಮುಗಿಯಿತು ಅಂತ ನಾನು ತಿಳಿದಿದ್ದೆ. ಅವರು ಬಿಡಬೇಕಲ್ಲ! ರೈಲಿನ ವೇಳೆ ಬದಲಾದರೆ ಅದೇ ವಾರ ತಿದ್ದಿಸುತ್ತಿದ್ದರು. ಪ್ರತಿ ಪುಟದ ಕೊನೆಗೂ ತಮ್ಮನ ಫೋಟೋ, ಅದರ ಕೆಳಗೆ ಆ ಸಾಲು.

ನಾಲ್ಕೈದು ತಿಂಗಳಾದ ಮೇಲೆ ನಿಜವಾದ ಮಂದಿ ಬರತೊಡಗಿದರು. ಪುಣೆಯಿಂದ, ವಾಸ್ಕೋದಿಂದ, ಎಲ್ಲೆಲ್ಲಿಂದಲೋ ಖಾನಾಪುರ ಬಿಟ್ಟು ಹೋದವರು ಇಮೇಲ್ ಬರೆದರು. ನಾನು ಓದಿ ಹೇಳುತ್ತಿದ್ದೆ. ಅಕ್ಕೋರು ಪ್ರತಿಯೊಬ್ಬರಿಗೂ ಉತ್ತರ ಬರೆಸುತ್ತಿದ್ದರು. "ಅವ ಅಲ್ಲ. ಇರಲಿ, ಇವನೂ ಯಾರಿಗೋ ತಮ್ಮ" ಅನ್ನುತ್ತಿದ್ದರು.

ಆಮೇಲೆ ಮಧ್ಯಪ್ರದೇಶದ ಇಟಾರ್ಸಿಯಿಂದ ಒಂದು ಇಮೇಲ್ ಬಂತು. ಬರೆದವಳು ಅಲ್ಲಿನ ರೈಲ್ವೆ ಕ್ಯಾಂಟೀನಿನವರ ಮಗಳು. ಅವರ ಕ್ಯಾಂಟೀನಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ಒಬ್ಬ ಕಾಕಾ ಅವಳಿಗೆ ಚಿಕ್ಕಂದಿನಲ್ಲಿ ಹಳಿಯ ತುಂಡಿನ ಗಂಟೆಯ ಕಥೆ ಹೇಳುತ್ತಿದ್ದರಂತೆ. ಅದು ನೆನಪಾಗಿ ಹುಡುಕಿದಾಗ ನಮ್ಮ ಪುಟ ಸಿಕ್ಕಿತು. ಫೋಟೋದಲ್ಲಿದ್ದವರು ಆ ಕಾಕಾ. ಕಾಮಾಲೆಯಾಗಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಮದುವೆಯಾಗಿರಲಿಲ್ಲ. ಕೊನೆಯ ಕಾರ್ಯವನ್ನು ತನ್ನ ಅಪ್ಪನೇ ಮಾಡಿದರು ಅಂತ ಬರೆದಿದ್ದಳು.

ಎರಡು ದಿನ ಆ ಇಮೇಲನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದೆ. ಬಂದೇ ಇಲ್ಲ ಅಂದುಬಿಟ್ಟರೆ ಅವರಿಗೆ ಗೊತ್ತಾಗುವುದೇ ಇಲ್ಲ, ಓದಲು ಕಣ್ಣಿಲ್ಲ. ಆ ಯೋಚನೆ ಬಂದದ್ದೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಮೂರನೆಯ ದಿನ ಮುಂಜಾನೆ ಖಾನಾಪುರದ ಬಸ್ಸು ಹತ್ತಿದೆ.

ತಮ್ಮ ತೀರಿಕೊಂಡ ಸುದ್ದಿಯವರೆಗೆ ಇಮೇಲನ್ನು ಅಕ್ಕೋರಿಗೆ ಓದಿ ಹೇಳಿದೆ. ಆಮೇಲೆ ಅವರು ಒಂದೇ ಮಾತು ಕೇಳಿದರು. "ಮನಿ ಯಾಕ ಬಿಟ್ಟ ಬಂದೆ ಅಂತ ಯಾರೂ ಕೇಳಲಿಲ್ಲಂತೇನು? ಏನ ಹೇಳಿದ್ನಂತ?"

ಅದೂ ಅದರಲ್ಲಿ ಇತ್ತು. ಮುಂದಿನದನ್ನು ಓದಿದೆ. ಊರಿಗೆ ಯಾಕೆ ಹೋಗುವುದಿಲ್ಲ ಅಂತ ಮನೆಮಂದಿ ಕೇಳಿದಾಗಲೆಲ್ಲ ಕಾಕಾ ನಗುತ್ತಿದ್ದರಂತೆ. "ನಮ್ಮ ಅಕ್ಕ ಟೀಚರ್. ಸಾಲೆ ನಡೆದಾಗ ಆಕೆಗೆ ಪುರಸೊತ್ತು ಇರುವುದಿಲ್ಲ. ಸೂಟಿ ಬಿಟ್ಟಾಗ ಹೋಗ್ತೀನಿ" ಅನ್ನುತ್ತಿದ್ದರಂತೆ.

"ನಾ ಅಂದ ಮಾತ?"

"ಅದ ಇದರಾಗ ಎಲ್ಲೂ ಇಲ್ರಿ ಅಕ್ಕೋರ."

"ಹೇಳಿಲ್ಲ. ಒಬ್ಬರ ಮುಂದೂ ನನ್ನ ದೂರಿಲ್ಲ ಅವ" ಅಂದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಅತ್ತರು. "ಬೈದಿದ್ರ ಚಲೋ ಇತ್ತಲ್ಲೋ. ನಾಕ ಮಂದಿ ಮುಂದ ಬೈದಿದ್ರ ಚಲೋ ಇತ್ತಲ್ಲೋ."

ನೀರು ತಂದು ಕೊಟ್ಟೆ. ಸಂಜೆಯ ಬಸ್ಸಿಗೆ ನಾನು ಏಳುವಾಗ, ಪುಟಗಳನ್ನು ತೆಗೆಯಬೇಡ, ಊರು ಹುಡುಕುವವರು ಇನ್ನೂ ಇದ್ದಾರೆ, "ಮನಿಗೆ ಬಾ" ಅನ್ನುವ ಸಾಲನ್ನಷ್ಟು ತೆಗೆ ಅಂದರು. ಅಂಗಡಿಗೆ ಬಂದು ಒಂದೊಂದೇ ಪುಟದಿಂದ ಆ ಸಾಲನ್ನು ಅಳಿಸಿದೆ.

ಮರುವರ್ಷ ಚಳಿಗಾಲದಲ್ಲಿ ಅಕ್ಕೋರು ಹೋದರು. ಮಣ್ಣಿಗೆ ನಾನೂ ಹೋಗಿದ್ದೆ. ಅವರ ಬಾಜು ಮನೆಯ ಹೆಣ್ಣುಮಗಳು ಕಡೆಯ ದಿನಗಳ ಮಾತು ಹೇಳುತ್ತ ಹೇಳಿದಳು: "ಕಣ್ಣ ಹೆಂಗ ಹೋದವ್ರಿ ಅಕ್ಕೋರ ಅಂತ ಎಷ್ಟ ಸಲ ಕೇಳೇನ್ರಿ. ‘ನಂದ ತಪ್ಪವಾ, ಡಾಕ್ಟರ್ ಹೇಳಿದ್ರೂ ನಾನ ತಡಾ ಮಾಡಿದ್ನಿ’ ಅಂತಿದ್ರು. ಯಾರ ಕೇಳಿದ್ರೂ ಅದ ಮಾತು."

ಸುತ್ತ ಜನ ನಿಂತಿದ್ದರು. ಯಾರೂ ನನ್ನ ಕಡೆ ಬೇರೆ ಕಣ್ಣಿನಿಂದ ನೋಡಲಿಲ್ಲ. ಅಕ್ಕೋರಿಗೆ ಬೇಕಾದವನು ಅಂತ ಮೊದಲು ಮಣ್ಣು ಹಾಕಲು ನನ್ನನ್ನೇ ಮುಂದೆ ಬಿಟ್ಟರು. ಬಾಯಿ ತೆರೆದು ನಿಜ ಹೇಳಲು ಅವತ್ತೂ ನನಗೆ ಧೈರ್ಯ ಬರಲಿಲ್ಲ. ಇವತ್ತು ಬರೆಯುತ್ತಿದ್ದೇನೆ: ತಡ ಮಾಡಿದವರು ಅವರಲ್ಲ.