ಗೋಡೆಯಾಚೆ ಸುರಿದ ಮಾವಿನೆಲೆ

ಕಸ ಕಂಡರೆ ನನ್ನ ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ತೊಂಬತ್ತರ ದಶಕದಲ್ಲಿ ಲಿಂಗರಾಜಪುರದ ನಮ್ಮ ಅಂಗಳ ದಿನಕ್ಕೆರಡು ಸಲ ಪೊರಕೆ ಕಾಣುತ್ತಿತ್ತು. ಹಿತ್ತಲಿನ ಕೋಳಿಗೂಡಿಗೂ ಬಿಡುಗಡೆ ಇರಲಿಲ್ಲ. ಬೆಳಿಗ್ಗೆ ಕೋಳಿಗಳನ್ನು ಹೊರಗಟ್ಟಿ, ಗೂಡಿನ ಸಿಮೆಂಟು ನೆಲಕ್ಕೆ ನೀರು ಸುರಿದು, ಫಿನಾಯಿಲ್ ಹಾಕಿ ತಿಕ್ಕಿ, ಬಾಗಿಲಿಗೆ ಪುಟ್ಟದೊಂದು ರಂಗೋಲಿಯನ್ನೂ ಬಿಡುತ್ತಿದ್ದಳು. ಕೋಳಿಗಳು ಅದನ್ನು ತುಳಿದುಕೊಂಡೇ ಓಡಾಡುತ್ತಿದ್ದವು.

ಅಮ್ಮನ ದೊಡ್ಡ ಶತ್ರು ಪಕ್ಕದ ಮನೆಯ ಮಾವಿನ ಮರ. ಆ ಮನೆಯಲ್ಲಿದ್ದ ವಯಸ್ಸಾದ ಮುಸ್ಲಿಂ ಹೆಂಗಸನ್ನು ಬೀದಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ಅಮ್ಮನೊಬ್ಬಳನ್ನು ಬಿಟ್ಟು. ಮರದ ಅರ್ಧ ಕೊಂಬೆಗಳು ನಮ್ಮ ಕಡೆಗೇ ಬಾಗಿದ್ದವು. ಹಣ್ಣು ಬಿದ್ದರೆ ಅಮ್ಮ ಸದ್ದಿಲ್ಲದೆ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಎಲೆ ಬಿದ್ದರೆ ಮಾತ್ರ ನ್ಯಾಯ ನೆನಪಾಗುತ್ತಿತ್ತು. ಅಷ್ಟನ್ನೂ ಗುಡಿಸಿ, ಮಂಕರಿಗೆ ತುಂಬಿ, ಗೋಡೆಯಾಚೆ ಸುರಿಯುವಳು. ಏಳೆಂಟು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಖಾಲಾ ಒಂದು ಸಲವೂ ಜಗಳಕ್ಕೆ ಬರಲಿಲ್ಲ.

"ಎಷ್ಟು ಕೊಬ್ಬು ನೋಡು, ಒಂದ್ ಮಾತೂ ಆಡಲ್ಲ" ಎಂದು ಅಮ್ಮ ಅದಕ್ಕೂ ಸಿಡುಕುತ್ತಿದ್ದಳು.

ಒಂದು ಡಿಸೆಂಬರಿನ ಚಳಿಯಲ್ಲಿ ನಮ್ಮ ಐದು ಕೋಳಿಗಳಲ್ಲಿ ಎರಡು ಸತ್ತವು. ಅಮ್ಮನ ಮುದ್ದಿನ ಬಿಳಿ ಹೇಂಟೆ ಗೊರಗೊರ ಉಸಿರೆಳೆಯುತ್ತ ಮೂಲೆ ಹಿಡಿಯಿತು. ಖಾಲಾರ ಕೋಳಿಗಳು ಮಾತ್ರ ಗೋಡೆಯಾಚೆ ಗಟ್ಟಿಯಾಗಿ ಕೂಗಿಕೊಂಡಿದ್ದವು. ಅಮ್ಮ ಊಟ ಬಿಟ್ಟಳು. ಹೇಂಟೆಯನ್ನು ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಅದನ್ನು ಎತ್ತಿ ಮೂಸಿದರು.

"ಫಿನಾಯಿಲ್ ವಾಸನೆ ಬರ್ತಿದ್ಯಲ್ಲ?"

"ದಿನಾ ತೊಳೀತೀನಿ ಸಾರ್" ಎಂದಳು ಅಮ್ಮ, ಹೆಮ್ಮೆಯಿಂದ.

"ಮೊದ್ಲು ಅದನ್ನ ನಿಲ್ಸಿ. ಒದ್ದೆ ನೆಲದಲ್ಲೇ ಅದಕ್ಕೆ ಕಾಯಿಲೆ ಬಂದಿರೋದು. ಒಣಗಿದ ಎಲೆ ದಪ್ಪಗೆ ಹಾಸಿ."

ಮನೆಗೆ ಬಂದವಳೇ ಅಮ್ಮ ಫಿನಾಯಿಲ್ ಬಾಟಲಿಯನ್ನು ಅಟ್ಟಕ್ಕೆ ಸೇರಿಸಿದಳು.

ಮಾರನೆಯ ಬೆಳಿಗ್ಗೆ ಮಾವಿನೆಲೆ ಗೋಡೆ ದಾಟಲಿಲ್ಲ, ಗೂಡು ಸೇರಿತು. ಸುರಿಯುವಾಗ ಅಮ್ಮ ಮುಖ ಆಚೆ ತಿರುಗಿಸಿಕೊಂಡಿದ್ದಳು. ಕೋಳಿಗಳು ಕೆದಕಿದ್ದೇ ಕೆದಕಿದ್ದು. ಮೂರು ವಾರದಲ್ಲಿ ಫಿನಾಯಿಲ್ ನಾತ ಹೋಯಿತು, ಬಿಳಿ ಹೇಂಟೆ ಮೊಟ್ಟೆ ಇಟ್ಟಿತು. ಗಾಳಿ ಬೀಸಿದರೆ ಅಮ್ಮ ಈಗ ಆಸೆಯಿಂದ ಮರ ನೋಡುತ್ತಿದ್ದಳು.

ಒಂದು ದಿನ ಖಾಲಾ ನಮ್ಮ ಗೇಟಿನ ಮುಂದೆ ಬಂದು ನಿಂತರು. ಹಣ್ಣಿನ ವಿಷಯ ತೆಗೆಯುತ್ತಾರೆಂದುಕೊಂಡೆ.

"ಹುಷಾರಿಲ್ವಾಮ್ಮಾ ನಿಮ್ಗೆ? ತಿಂಗಳಾಯ್ತು, ಎಲೆ ಬರ್ತಾ ಇಲ್ಲ."

ಪೊರಕೆ ಹಿಡಿದಿದ್ದ ಅಮ್ಮನನ್ನು ನೋಡುತ್ತ ಖಾಲಾ ಮುಂದುವರಿಸಿದರು.

"ನನ್ಗೆ ಸೊಂಟ ಬಗ್ಗಲ್ಲ. ಗೋಡೆ ಪಕ್ಕದಲ್ಲೇ ನನ್ ಕೋಳಿಗೂಡು. ನೀವು ದಿನಾ ಗುಡಿಸಿ ಹಾಕ್ತಿದ್ರಲ್ಲ, ಅದನ್ನೇ ಹಾಸ್ತಿದ್ದೆ. ಕೇಳ್ದೇನೇ ಇಷ್ಟ್ ವರ್ಷ ಮಾಡಿದ್ರಿ. ಅದಕ್ಕೇ ಹಣ್ಣು ನೀವೇ ತಿನ್ನಿ ಅಂತ ಸುಮ್ನಿದ್ದೆ. ದುವಾದಲ್ಲಿ ನಿಮ್ಮನ್ನೂ ನೆನೀತೀನಿ."

ನಗು ತಡೆಯಲಾರದೆ ನಾನು ಅಡುಗೆಮನೆಗೆ ಓಡಿದೆ. ಹೊರಗಿನಿಂದ ಅಮ್ಮನ ಸಣ್ಣ ದನಿ ಕೇಳಿಸಿತು.

"ಹುಷಾರಿರ್ಲಿಲ್ಲ ಖಾಲಾ. ನಾಳೆಯಿಂದ ಬರುತ್ತೆ."

ಮಾರನೆಯ ದಿನ ಅಮ್ಮ ಎಲೆಯನ್ನು ಎರಡು ಪಾಲು ಮಾಡಿದಳು. ದೊಡ್ಡ ಪಾಲಿನಿಂದ ಕಲ್ಲು, ಕಡ್ಡಿ ಆರಿಸಿ ತೆಗೆದಳು. ಮಂಕರಿ ಎತ್ತಿಕೊಂಡು ಅಭ್ಯಾಸಬಲದಿಂದ ಗೋಡೆಯ ತನಕ ಹೋದವಳು ಅಲ್ಲೇ ನಿಂತಳು. ಆಮೇಲೆ ಸೆರಗು ಸರಿಮಾಡಿಕೊಂಡು, ಗೇಟು ತೆರೆದು ಹೋಗಿ, ಅವರ ಮನೆಯ ಬಾಗಿಲು ತಟ್ಟಿದಳು.